ಬಾಯ್ಲರ್ ಬಚ್ಚಪ್ಪನವರ ಅಂಗೈ

ಬಚ್ಚಪ್ಪನವರ ವಿಷಯ ಹೆಬ್ಬಾಳದ ಆಸುಪಾಸಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ಒಂದೇ ಕಥೆ ಹೇಳುತ್ತಾರೆ. ಪ್ರದರ್ಶನಾಲಯದ ಹಳೆಯ ರೈಲು ಎಂಜಿನ್ನಿಗೆ ಮತ್ತೆ ಬೆಂಕಿ ಹಾಕಿದ ದಿನ ಒಬ್ಬ ಕಿವುಡ ಮುದುಕ ಯಾರೂ ಕರೆಯದಿದ್ದರೂ ಬಂದು ಎಂಜಿನ್ ಹತ್ತಿದನಂತೆ. ಹಬೆ ಸೋರುವ ಸದ್ದು ಅವನಿಗೆ ಕೇಳಿಸಲಿಲ್ಲವಂತೆ. ಮುಟ್ಟಬಾರದ್ದನ್ನು ಮುಟ್ಟಿ ಕೈ ಸುಟ್ಟುಕೊಂಡು, ಎಂಜಿನ್ನನ್ನೂ ಕೆಡಿಸಿದನಂತೆ. ಕಥೆ ಚಿಕ್ಕದು, ನೆನಪಿಡಲು ಸುಲಭ, ಬದುಕಿರುವ ಯಾರಿಗೂ ತೊಂದರೆ ಕೊಡುವಂಥದ್ದಲ್ಲ.

ನನಗೆ ಇದರಲ್ಲಿ ತಕರಾರಿದೆ. ಅವರು ಕಿವುಡರಾಗಿದ್ದುದು ನಿಜ. ಯಾರೂ ಕರೆಯಲಿಲ್ಲ ಎನ್ನುವುದೂ ನಿಜ. ಆದರೆ ಎರಡು ನಿಜಗಳನ್ನು ಪಕ್ಕಪಕ್ಕ ನಿಲ್ಲಿಸಿದ ಮಾತ್ರಕ್ಕೆ ಮೂರನೆಯ ನಿಜ ತಾನಾಗಿ ಹುಟ್ಟುವುದಿಲ್ಲ ಎಂಬುದನ್ನು ಕಾಲೇಜಿನ ಚರ್ಚಾಕೂಟದಲ್ಲಿ ನಾಲ್ಕು ವರ್ಷ ಕಲಿತವಳು ನಾನು. ಕಲಿತದ್ದನ್ನು ಬೇಕಾದ ದಿನ ಬಳಸಲಿಲ್ಲ. ಅದನ್ನೂ ಇಲ್ಲಿ ಬರೆಯಲೇಬೇಕು. ಏಕೆಂದರೆ ನಾಲ್ಕು ಜನರ ಮುಂದೆ ಅವರನ್ನು ಕಿವುಡರೆಂದು ಸಾಬೀತು ಮಾಡಿದವಳು ನಾನೇ.

ನಾನು ಅವರನ್ನು ಮೊದಲು ನೋಡಿದಾಗ ಕಂಡದ್ದು ಎರಡು ಕಾಲು ಮಾತ್ರ. ಎಂಜಿನ್ನಿನ ಬೆಂಕಿ ಬಾಗಿಲಿನಿಂದ ಒಂದು ಜೊತೆ ಒಣಕಲು ಕಾಲುಗಳು ಹೊರಗೆ ಚಾಚಿಕೊಂಡಿದ್ದವು, ಹಿಮ್ಮಡಿ ಬಿರಿದಿತ್ತು. ಒಳಗಿನಿಂದ ಸುತ್ತಿಗೆಯ ಏಟು ಕೇಳುತ್ತಿತ್ತು. ಒಂದು ಏಟು, ಸ್ವಲ್ಪ ಮೌನ, ಇನ್ನೊಂದು ಏಟು. ನಾನು ಆಗಷ್ಟೇ ಪ್ರದರ್ಶನಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಗಾಜಿನ ಪೆಟ್ಟಿಗೆಯೊಳಗಿನ ಸಾಮಾನುಗಳಿಗೆ ಹೆಸರುಚೀಟಿ ಬರೆಯುವುದು, ಸಮಿತಿಯ ಸಭೆ ನಡೆದರೆ ನಡಾವಳಿ ಬರೆದುಕೊಳ್ಳುವುದು, ಇಷ್ಟೇ ನನ್ನ ಕೆಲಸ. "ಒಳಗೆ ಯಾರು?" ಎಂದು ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಕೊನೆಗೆ ಕಾಲನ್ನೇ ತಟ್ಟಬೇಕಾಯಿತು. ಮಸಿ ಮೆತ್ತಿದ ಒಂದು ಮುಖ ಹಿಂದಹಿಂದಕ್ಕೆ ಸರಿಯುತ್ತಾ ಹೊರಬಂತು.

"ಯಾರವ್ವ ನೀನು?" ಎಂದರು, ರಸ್ತೆಯ ಆಚೆಗೂ ಕೇಳುವಂತೆ.

"ಇಲ್ಲಿ ಬರೆಯೋ ಕೆಲಸ ನಂದು."

ಅವರು ನನ್ನ ಕಣ್ಣು ನೋಡಲಿಲ್ಲ, ತುಟಿ ನೋಡಿದರು. "ಬರಿ ಬರಿ. ಈ ಗಿರಾಕಿ ಒಳ್ಳೇ ಸುಳ್ಳ ಅಂತ ಬರಿ. ಬಣ್ಣ ಬಳ್ಕೊಂಡು ಕುಂತವ್ನೆ, ಒಳಗೆಲ್ಲ ಮೂಳೆ ಮುರ್ದವೆ."

ಬಚ್ಚಪ್ಪನವರು ಶೆಟ್ಟಿಹಳ್ಳಿಯ ಒಕ್ಕಲು ಮನೆತನದವರು. ಅಣ್ಣತಮ್ಮಂದಿರು ಹೊಲ ನೋಡಿಕೊಂಡರು, ಇವರು ಮೀಸೆ ಮೂಡುವ ಮೊದಲೇ ಯಶವಂತಪುರದ ಎಂಜಿನ್ ಶೆಡ್ಡಿಗೆ ಸೇರಿ ಮೂವತ್ತೈದು ವರ್ಷ ಬಾಯ್ಲರುಗಳ ಹೊಟ್ಟೆಯೊಳಗೆ ಕಳೆದರು. ನಿವೃತ್ತರಾದ ಮೇಲೂ ಖಾಕಿ ಅಂಗಿಯನ್ನೇ ತೊಡುತ್ತಿದ್ದರು. ಜೇಬಿನಲ್ಲಿ ಗೋಣಿಚೀಲ ಹೊಲಿಯುವ ಒಂದು ದಬ್ಬಳ, ಸೊಂಟದಲ್ಲಿ ಎಲೆಅಡಿಕೆ ಚೀಲ. ಯಾವ ಎಂಜಿನ್ ಆದರೂ ಅವರಿಗೆ ಗಿರಾಕಿಯೇ. ಮನುಷ್ಯರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ಗಿರಾಕಿಗಳ ರೋಗ ಮಾತ್ರ ಒಂದೂ ಮರೆತಿರಲಿಲ್ಲ. "ಕಬ್ಬಿಣಕ್ಕೆ ನಾಚ್ಕೆ ಇಲ್ಲ ಕಣವ್ವ, ಕೇಳ್ದೋರ್ಗೆಲ್ಲ ಏಳ್ಕತದೆ. ಕೇಳೋರ್ ಬೇಕಷ್ಟೆ" ಎನ್ನುತ್ತಿದ್ದರು. ಕಿವಿ ಕೇಳದವರ ಬಾಯಲ್ಲಿ ಇಂಥ ಮಾತು ಬಂದಾಗ ನಾನು ಒಳಗೊಳಗೇ ನಗುತ್ತಿದ್ದೆ.

ಎಂಜಿನ್ನಿನ ವಿಷಯ ಸ್ವಲ್ಪ ಹೇಳಬೇಕು. ಹಿಂದೆ ಯಲಹಂಕದ ಕಡೆ ಕಿರಿದಾದ ಹಳಿಯ ಮೇಲೆ ಓಡಾಡಿ ಮುದಿಯಾದ ಎಂಜಿನ್ ಅದು. ಪ್ರದರ್ಶನಾಲಯದವರು ತಂದು ಅಂಗಳದಲ್ಲಿ ಕಲ್ಲಿನ ಕಟ್ಟೆಯ ಮೇಲೆ ನಿಲ್ಲಿಸಿದ್ದರು. ವರ್ಷಗಟ್ಟಲೆ ಹಾಗೇ ನಿಂತಿತ್ತು. ಕಾರ್ಯದರ್ಶಿ ಅನಂತರಾಮಯ್ಯನವರು ಚಿಕ್ಕಂದಿನಲ್ಲಿ ಅಜ್ಜಿಯ ಊರಿಗೆ ಅದರ ಹಿಂದೆಯೇ ಕೂತು ಹೋಗಿದ್ದವರು. ಹೊಸ ಕಟ್ಟಡದ ಆರಂಭೋತ್ಸವಕ್ಕೆ ಅದನ್ನು ಮತ್ತೆ ಓಡಿಸಬೇಕು, ಅಂಗಳದ ಸುತ್ತ ಹಳಿ ಹಾಕಿ, ಎರಡು ಪುಟ್ಟ ಗಾಡಿ ಕಟ್ಟಿ, ಶಾಲೆಯ ಮಕ್ಕಳನ್ನು ಕೂರಿಸಬೇಕು ಎಂಬುದು ಅವರ ಆಸೆ. ಅದರಲ್ಲಿ ಒಂದಿಷ್ಟೂ ಕೆಟ್ಟದ್ದಿರಲಿಲ್ಲ. ಅವರು ಕೆಟ್ಟವರೆಂದು ಬರೆದರೆ ನನಗೂ ಕೆಲಸ ಸುಲಭವಾಗುತ್ತಿತ್ತು. ಆದರೆ ಬಚ್ಚಪ್ಪನವರನ್ನು ಶೆಟ್ಟಿಹಳ್ಳಿಯಿಂದ ಹುಡುಕಿ ತಂದವರೇ ಅವರು.

ಎಂಜಿನ್ನಿನ ಬೆಂಕಿ ಉರಿಯುವ ಪೆಟ್ಟಿಗೆಗೆ ಒಳಗೊಂದು ತಗಡು, ಹೊರಗೊಂದು ತಗಡು. ನಡುವೆ ಕುದಿಯುವ ನೀರು. ಎರಡು ತಗಡುಗಳೂ ಒಂದನ್ನೊಂದು ಬಿಟ್ಟುಕೊಂಡು ಉಬ್ಬದ ಹಾಗೆ ನೂರಾರು ಗಟ್ಟಿ ಸರಳುಗಳು ಹಿಡಿದುಕೊಂಡಿರುತ್ತವೆ. ಅವಕ್ಕೆ ಸ್ಟೇ ಎನ್ನುತ್ತಾರೆ. ಪ್ರತಿ ಸ್ಟೇಯ ಹೊರತುದಿಯಲ್ಲಿ ಕಡ್ಡಿ ತೂರುವಷ್ಟು ಸಣ್ಣ ತೂತಿರುತ್ತದೆ. ಸ್ಟೇ ಒಳಗೆ ಮುರಿದರೆ ಆ ತೂತಿನಿಂದ ನೀರು ಜಿನುಗಿ ಸುದ್ದಿ ಹೇಳುತ್ತದೆ. ಇದನ್ನು ನನಗೆ ಕಲಿಸಿದವರು ಬಚ್ಚಪ್ಪನವರು. ನಮ್ಮ ಪ್ರದರ್ಶನಾಲಯದಲ್ಲಿ ಪ್ರತಿ ಆಯುಧಪೂಜೆಗೂ ಎಂಜಿನ್ನಿಗೆ ಹೊಸ ಬಣ್ಣ ಬಳಿಯುವ ರೂಢಿ. ಬಣ್ಣದವರು ಅಚ್ಚುಕಟ್ಟಿನ ಮನುಷ್ಯರು. ತೂತುಗಳೆಲ್ಲ ಸಿಡುಬಿನ ಕಲೆಯಂತೆ ಕಾಣುತ್ತವೆ ಎಂದು ಪುಟ್ಟಿ ತುಂಬಿ, ಉಜ್ಜಿ, ಮೇಲೆ ಹಸಿರು ಬಣ್ಣ ಹೊಡೆದಿದ್ದರು. ಹತ್ತಾರು ವರ್ಷದ ಪುಟ್ಟಿ ಕಲ್ಲಾಗಿ ಕೂತಿತ್ತು.

ಬಚ್ಚಪ್ಪನವರು ಒಂದು ಮಧ್ಯಾಹ್ನ ದಬ್ಬಳ ಹಿಡಿದು ಆ ತೂತುಗಳನ್ನು ಒಂದೊಂದಾಗಿ ಚುಚ್ಚಿ ಬಿಡಿಸುತ್ತಾ ಕೂತಿದ್ದರು. ಹಸಿರು ಬಣ್ಣ ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು. ಅನಂತರಾಮಯ್ಯನವರು ಓಡಿಬಂದರು.

"ರೀ ಬಚ್ಚಪ್ಪ, ಏನ್ರೀ ಇದು, ಹೊಸ ಬಣ್ಣ ಕಣ್ರೀ."

"ಇವ್ನ ಬಾಯಿ ಮುಚ್ಚವ್ರೆ ಸ್ವಾಮಿ. ಬಾಯಿ ಬಿಡಿಸ್ತಾ ಇವ್ನಿ."

"ಬಾಯಿ ಆಮೇಲೆ ಬಿಡಿಸೋರಂತೆ. ದೊಡ್ಡವರು ಬರೋ ದಿನ ಹತ್ರ ಬಂತು."

ಬಲಗಡೆ ಅರ್ಧ ಬಿಡಿಸಿದ್ದರು. ಅಲ್ಲಿಗೆ ನಿಂತಿತು. ಎಡಗಡೆ ಮುಟ್ಟಲೇ ಇಲ್ಲ. ಮರುದಿನ ಬಣ್ಣದವರು ಬಂದು ಬಲಗಡೆಯನ್ನೂ ಮತ್ತೆ ಮುಚ್ಚಿದರು.

ನಂತರ ಪೇಟೆಯ ಒಬ್ಬ ಗುತ್ತಿಗೆದಾರರು ಬಂದು ಬಾಯ್ಲರಿಗೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷೆ ಮಾಡಿದರು. ಒತ್ತಡ ತೋರಿಸುವ ಮುಳ್ಳು ಅಲುಗದೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಚ್ಚಪ್ಪನವರೊಬ್ಬರೇ ತಟ್ಟಲಿಲ್ಲ. ಆ ವಾರವೇ ಸಮಿತಿಯ ಸಭೆ ಸೇರಿತು. ನಾನು ನಡಾವಳಿ ಪುಸ್ತಕ ತೆರೆದು ಕೂತೆ.

ಬಚ್ಚಪ್ಪನವರು ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು: "ಎಡಗಡೆ ಮೇಲ್ಮೂಲೇಲಿ ಮೂರು ಸ್ಟೇ ಓಗ್ಬುಟ್ಟವೆ. ನಾಕನೇದು ಓಗೋ ದಾರೀಲೈತೆ. ಬೆಂಕಿ ಆಕ್ಬೇಡಿ."

"ನೀರಿನ ಪರೀಕ್ಷೆ ಪಾಸಾಯ್ತಲ್ರೀ" ಎಂದರು ಅನಂತರಾಮಯ್ಯ, ತುಟಿ ಕಾಣುವಂತೆ.

"ತಣ್ಣೀರ್ಗೆ ಯಾವ ತಗಡೂ ಎದ್ರಲ್ಲ. ಬಿಸಿ ಏರ್ದಾಗ ಮೈ ಮುರೀತದೆ, ಆಗ ನೋಡಿ. ಎರಡು ತಿಂಗ್ಳು ಕೊಡಿ, ಶೆಡ್ಡಲ್ಲಿ ಸರಳು ಕಡಿಸ್ಕೊಂಡು ನಾನೇ ಆಕ್ಕೊಡ್ತೀನಿ."

ಉತ್ಸವಕ್ಕೆ ಉಳಿದಿದ್ದುದು ಮೂರು ವಾರ. ಆಹ್ವಾನಪತ್ರಿಕೆ ಹಂಚಿ ಆಗಿತ್ತು. ಅನಂತರಾಮಯ್ಯನವರ ಮುಖ ಬಾಡಿತು. ಅವರು ನನ್ನ ಕಡೆ ತಿರುಗಿದರು. "ನೀನು ಚರ್ಚಾಸ್ಪರ್ಧೆಯಲ್ಲೆಲ್ಲ ಬಹುಮಾನ ತಗೊಂಡವಳಲ್ವೇನಮ್ಮ? ನಿನಗೇನನ್ನಿಸತ್ತೆ ಹೇಳು."

ನಡಾವಳಿ ಬರೆಯುವವಳ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಅದರ ಖುಷಿ ಎಷ್ಟಿತ್ತೆಂದರೆ ನಾನು ಎದ್ದೇ ನಿಂತೆ. ನಿಧಾನವಾಗಿ ನಡೆದು ಬಚ್ಚಪ್ಪನವರ ಬೆನ್ನಿನ ಹಿಂದೆ ಹೋದೆ. ಮಾಮೂಲು ದನಿಯಲ್ಲಿ ಕೇಳಿದೆ: "ಬಚ್ಚಪ್ಪನವರೇ, ನಿಮ್ಮ ಊರು ಯಾವುದು?" ಅವರು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತಿದ್ದರು. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕೇಳಿದೆ. ಬಿಸ್ಕತ್ತು ತಿಂದರು. ಮೂರನೇ ಸಲ ಕೂಗಿದ್ದಕ್ಕೆ ಪಕ್ಕದ ಕೋಣೆಯ ಜವಾನ ಬಾಗಿಲಿಗೆ ಬಂದು ಇಣುಕಿದ. ಅವರು ಮಾತ್ರ ತಿರುಗಲಿಲ್ಲ. ಯಾರೋ ನಕ್ಕರು.

ನಾನು ಸಭೆಗೆ ಹೇಳಿದೆ: "ಸ್ಟೇ ಪರೀಕ್ಷೆ ಮಾಡೋದು ಸುತ್ತಿಗೆ ಏಟಿನ ಸದ್ದಿನಿಂದ. ಸದ್ದೇ ಕೇಳಿಸದವರು ತೀರ್ಪು ಕೊಟ್ಟಿದ್ದಾರೆ. ಆ ಕಡೆ, ಎಲ್ಲರ ಕಣ್ಣೆದುರು ನಿಂತ ಮುಳ್ಳಿದೆ. ಯಾವ ಸಾಕ್ಷಿ ಬಲವಾದದ್ದು ಅನ್ನೋದನ್ನ ನಾನು ಹೇಳಬೇಕಾಗಿಲ್ಲ."

ನಗುವ ಮುಖಗಳನ್ನು ನೋಡಿ ಬಚ್ಚಪ್ಪನವರು ತಿರುಗಿದರು. "ಏನಂದ್ಲು?" ಎಂದರು. ಅನಂತರಾಮಯ್ಯನವರು ಕಿವಿ ಮುಟ್ಟಿ ತೋರಿಸಿದರು.

"ಓ, ಅದಾ? ಕಿವಿ ಓಗಿ ಇಪ್ಪತ್ತೊರ್ಸ ಆಯ್ತು ಸ್ವಾಮಿ. ಡಬ್ಬದೊಳಗೆ ಕುಂತು ಜೀವಮಾನೆಲ್ಲ ಸುತ್ಗೆ ಒಡ್ದೋನ್ಗೆ ಕಿವಿ ಎಲ್ಲಿಂದ ಬರ್ಬೇಕು? ನಮ್ ಶೆಡ್ಡಲ್ಲಿ ಕಿವಿ ಇರೋ ಬಾಯ್ಲರ್ನೋನ್ನ ಒಬ್ಬನ್ನ ತೋರ್ಸಿ." ಸಭೆ ಇನ್ನೂ ಜೋರಾಗಿ ನಕ್ಕಿತು. ಅವರು ಎಡಗೈ ಎತ್ತಿದರು. "ಬಲಗೈಲಿ ಒಡೀತೀವಿ, ಎಡಗೈ ಪಕ್ಕದಲ್ಲಿ ಇಟ್ಟಿರ್ತೀವಿ. ಗಟ್ಟಿ ಸ್ಟೇ ಏಟನ್ನ ವಾಪಸ್ ಕೊಡ್ತದೆ. ಸತ್ತ ಸ್ಟೇ ನುಂಗ್ಕತದೆ. ಅಂಗೈಗೆ ಗೊತ್ತಾಯ್ತದೆ."

ಉತ್ತರ ಅಲ್ಲೇ ಇತ್ತು. ಸಂಪೂರ್ಣವಾದ ಉತ್ತರ. ಆದರೆ ಚರ್ಚೆಯಲ್ಲಿ ಪಳಗಿದವರಿಗೆ ಎದುರಾಳಿಯ ಮಾತು ಮುಗಿಯುವ ಮೊದಲೇ ಮರುಮಾತು ಸಿದ್ಧವಾಗಿರುತ್ತದೆ. ನಾನು ಅವರ ಎದುರಿಗೆ ಬಂದು ನಿಂತು, ತುಟಿ ಕಾಣುವಂತೆ, ಬಿಡಿಬಿಡಿಯಾಗಿ ಕೇಳಿದೆ: "ನಿಮ್ಮ ಅಂಗೈಗೆ ಗೊತ್ತಾದದ್ದು ಸಭೆಗೆ ಗೊತ್ತಾಗೋದು ಹೇಗೆ?"

ಒಬ್ಬ ಸದಸ್ಯರು ಮೇಜು ಕುಟ್ಟಿ "ಸರಿಯಾದ ಪ್ರಶ್ನೆ" ಎಂದರು.

ಬಚ್ಚಪ್ಪನವರು ಎದ್ದರು. "ಬನ್ನಿ, ತೋರಿಸ್ತೀನಿ. ಒಬ್ರೊಬ್ರೇ ಒಳಗೆ ತೂರ್ಬೇಕು. ಕೋಳಿಗೂಡಿನಷ್ಟು ಜಾಗ ಐತೆ. ಬಟ್ಟೆ ಮಸಿಯಾಯ್ತದೆ, ಅಷ್ಟೆ." ಬಾಗಿಲ ತನಕ ಹೋಗಿ ನಿಂತು ಕಾದರು. ಎಲ್ಲರೂ ಬಿಳಿ ಪಂಚೆಯಲ್ಲಿದ್ದರು, ಇಸ್ತ್ರಿ ಮಾಡಿದ ಷರಾಯಿಯಲ್ಲಿದ್ದರು. ಒಬ್ಬರೂ ಏಳಲಿಲ್ಲ. ನಾನಂತೂ ನಿಂತೇ ಇದ್ದೆ, ಏಳುವ ಶ್ರಮವೂ ಇರಲಿಲ್ಲ. ನಾಲ್ಕು ಹೆಜ್ಜೆ ಅವರ ಹಿಂದೆ ನಡೆದರೆ ಸಾಕಿತ್ತು. ನನ್ನ ಕುರ್ಚಿಗೆ ವಾಪಸು ಹೋಗಿ ಕೂತು ಬರೆದೆ: "ಶ್ರೀ ಬಚ್ಚಪ್ಪನವರ ಅಭಿಪ್ರಾಯವನ್ನು ಪರಿಶೀಲಿಸಿ, ಅವರ ಶ್ರವಣದೋಷವನ್ನು ಗಮನಿಸಿ, ಕೈಬಿಡಲಾಯಿತು." ಮೂರು, ನಾಲ್ಕು, ಎಡಗಡೆ, ಮೇಲ್ಮೂಲೆ ಯಾವುದನ್ನೂ ಬರೆಯಲಿಲ್ಲ. ತಿರಸ್ಕೃತವಾದ ಮಾತಿಗೆ ವಿವರ ಯಾಕೆ ಅನ್ನಿಸಿತ್ತು.

ಉತ್ಸವದ ಬೆಳಿಗ್ಗೆ ಶಾಮಿಯಾನದ ಕೆಳಗೆ ಬ್ಯಾಂಡಿನವರು ಬಾರಿಸುತ್ತಿದ್ದರು. ಹಳಿಯ ಪಕ್ಕದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಕಾಗದದ ಬಾವುಟ ಹಿಡಿದು ಸಾಲಾಗಿ ನಿಂತಿದ್ದರು. ಎಂಜಿನ್ನಿನ ಮೇಲೆ ಯಶವಂತಪುರ ಶೆಡ್ಡಿನ ಕುಪ್ಪುಸ್ವಾಮಿ ಕಲ್ಲಿದ್ದಲು ಹಾಕುತ್ತಿದ್ದ. ಹಬೆ ಏರುತ್ತಿತ್ತು. ಆಗ ಬಚ್ಚಪ್ಪನವರು ಗೇಟಿನಿಂದ ನಡೆದು ಬಂದರು. ಒಗೆದ ಖಾಕಿ ಅಂಗಿ, ಕೈಯಲ್ಲಿ ಒಂದು ಗಿಡ್ಡ ಕಬ್ಬಿಣದ ಸರಳು. ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿದರು. ನಾನು ಕಾರ್ಯದರ್ಶಿಗಳ ಕಡೆ ನೋಡಿದೆ. ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಇರಲಿ ಬಿಡಮ್ಮ, ಹಳೇ ತಲೆ. ಫೋಟೋದಲ್ಲಿ ಚೆನ್ನಾಗಿ ಕಾಣ್ತಾರೆ." ಕರೆಯಲಿಲ್ಲ, ಒಪ್ಪುತ್ತೇನೆ. ಇಳಿಸಲೂ ಇಲ್ಲವಲ್ಲ.

ಮುಂದಿನದ್ದನ್ನು ನಾನು ದೂರದಿಂದ ನೋಡಿದೆ. ಹತ್ತಿರದಿಂದ ನೋಡಿದವನು ಕುಪ್ಪುಸ್ವಾಮಿ.

"ಬಂದೋರು ನನ್ನತ್ರ ಮಾತೇ ಆಡ್ಲಿಲ್ಲ ಕಣಮ್ಮ" ಎಂದು ಆಮೇಲೆ ಹೇಳಿದ. "ಸರಳಿನ ಒಂದು ತುದೀನ ಎಡಗಡೆ ತಗಡಿಗೆ ಒತ್ತಿ, ಇನ್ನೊಂದು ತುದಿ ಅಂಗೈಲಿಟ್ಕೊಂಡು ನಿಂತ್ಬಿಟ್ರು. ನಾನು ತಮಾಷೆ ಮಾಡ್ದೆ, ಏನ್ ಗುರುವೇ, ನಾಡಿ ನೋಡ್ತಿದ್ದೀರಾ ಅಂತ. ಒಂದೈದು ನಿಮಿಷ. ಇದ್ದಕ್ಕಿದ್ದಂಗೆ ನನ್ ಎದೆಗೆ ಕೈಕೊಟ್ಟು ತಳ್ಳಿದ್ರು. ಕೆಳಗೆ ಬಿದ್ದೆ, ಮಂಡಿ ಕೆತ್ಕೊಂಡು ಹೋಯ್ತು. ಬೈಯೋಣ ಅಂತ ತಲೆ ಎತ್ತಿದ್ರೆ, ಅವರು ಬೆಂಕಿ ಬಾಗ್ಲು ತೆಗ್ದು ಕೆಂಡ ಎಳ್ದು ಹಾಕ್ತಾ ಇದ್ದಾರೆ. ಮಕ್ಕಳನ್ನ ಹಿಂದಕ್ಕೆ ಕಳ್ಸು ಅಂತ ಕೂಗಿದ್ರು. ಆಮೇಲೆ ಬೆಂಕಿ ಬಾಗ್ಲಿಂದ ಬಿಳೀ ಹಬೆ ನುಗ್ತು. ಅವರು ಕಾಣ್ಲೇ ಇಲ್ಲ."

"ಒತ್ತಡದ ಮುಳ್ಳು ಎಲ್ಲಿತ್ತು?"

"ಕೆಂಪು ಗೆರೆಗಿಂತ ಬಹಳ ಕೆಳಗೆ. ಸೇಫ್ಟಿ ವಾಲ್ವು ಬಾಯೇ ಬಿಟ್ಟಿರ್ಲಿಲ್ಲ. ಕಿವಿ ಇದ್ದೋನು ನಾನೇ ಇದ್ನಲ್ಲ, ನನಗೇನೂ ಕೇಳಿಸ್ಲಿಲ್ಲ."

ಮಕ್ಕಳಿಗೆ ಏನೂ ಆಗಲಿಲ್ಲ. ಕುಪ್ಪುಸ್ವಾಮಿಗೆ ಮಂಡಿಯ ಗಾಯವಷ್ಟೇ. ಬಚ್ಚಪ್ಪನವರನ್ನು ಕಾರಿನಲ್ಲಿ ಆಸ್ಪತ್ರೆಗೆ ಒಯ್ಯುವಾಗ ಅವರ ಎರಡೂ ಕೈಗಳನ್ನು ಶಾಮಿಯಾನದ ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು.

ಹತ್ತು ದಿನ ಕಳೆದ ಮೇಲೆ ನಾನು ಬೆಂಕಿ ಬಾಗಿಲಿನಿಂದ ಒಳಗೆ ತೂರಿದೆ. ಕುಪ್ಪುಸ್ವಾಮಿ ಬಾಗಿಲಲ್ಲಿ ನಿಂತು ಟಾರ್ಚು ಹಿಡಿದಿದ್ದ. ಸೀರೆ ಮಸಿಯಾಯಿತು, ಅಷ್ಟೆ. ಎಡಗಡೆ ಮೇಲ್ಮೂಲೆಯಲ್ಲಿ ತಗಡು ಹೊಟ್ಟೆ ಉಬ್ಬಿಸಿ ಸೀಳಿತ್ತು. ಅಲ್ಲಿ ಮೂರು ಸ್ಟೇಗಳ ಮುರಿದ ಮುಖ ಕಪ್ಪಾಗಿ ತುಕ್ಕು ಹಿಡಿದಿತ್ತು, ಯಾವ ಕಾಲದಲ್ಲೋ ಮುರಿದದ್ದು. ನಾಲ್ಕನೆಯದರ ಮುಖದಲ್ಲಿ ಅರ್ಧ ಕಪ್ಪು, ಅರ್ಧ ಹೊಸ ಪಾತ್ರೆಯ ಹಾಗೆ ಹೊಳಪು. ಮೂರು ಹೋಗಿದ್ದವು, ಒಂದು ಹೋಗುವ ದಾರಿಯಲ್ಲಿತ್ತು. ಹೊರಗಿನಿಂದ ಅವುಗಳ ತೂತುಗಳನ್ನು ಹುಡುಕಿದೆ. ಪುಟ್ಟಿಯ ಮೇಲಿನ ಹಸಿರು ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿತ್ತು.

ಬಲಗಡೆಯ ಸ್ಟೇಗಳ ಮೇಲೆ ನಾನೇ ಸುತ್ತಿಗೆಯಿಂದ ಹೊಡೆದು, ಪಕ್ಕದಲ್ಲಿ ಅಂಗೈ ಇಟ್ಟು ನೋಡಿದೆ. ಇಪ್ಪತ್ತು ಮೂವತ್ತಕ್ಕೆ ಹೊಡೆದೆ. ಎಲ್ಲವೂ ಒಂದೇ ಥರ ಅನ್ನಿಸಿತು. ಎಲ್ಲವೂ ಗಟ್ಟಿಯಾಗಿದ್ದವೋ, ನನ್ನ ಕೈಗೆ ಗೊತ್ತಾಗಲಿಲ್ಲವೋ, ಈಗಲೂ ಹೇಳಲಾರೆ.

ಕಂಡದ್ದನ್ನೆಲ್ಲ ಬರೆದು ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟೆ. ಬಚ್ಚಪ್ಪನವರು ಮೊದಲೇ ಎಚ್ಚರಿಸಿದ್ದರು, ಎಣಿಕೆ ಸಮೇತ ಸರಿಯಾಗಿತ್ತು, ಮೇಲಿನವರಿಗೆಂದು ಸಮಿತಿ ಬರೆದ ಅಪಘಾತದ ವರದಿಯಲ್ಲಿ ಅವರನ್ನು ದೂರಿರುವುದು ತಪ್ಪು ಎಂದು. ಅನಂತರಾಮಯ್ಯನವರು ಎರಡು ಸಲ ಓದಿದರು. ಎದ್ದು ಹೋಗಿ ನಡಾವಳಿ ಪುಸ್ತಕ ತಂದು ನನ್ನ ಮುಂದೆ ಬಿಚ್ಚಿದರು.

"ಮೂರು, ನಾಲ್ಕು ಅಂತ ಅವರು ಹೇಳಿದ್ದು ಇದರಲ್ಲಿ ಎಲ್ಲಿದೆಯಮ್ಮ?"

"ಇಲ್ಲ ಸಾರ್. ಆದರೆ ಹೇಳಿದ್ದು ನಾವಿಬ್ಬರೂ ಕೇಳಿದ್ದೇವೆ."

"ನಾನು ಕೇಳಿದೆ. ನೀನೂ ಕೇಳಿದೆ. ಮೇಲಿನವರು ಕಾಗದ ಕೇಳ್ತಾರೆ. ಶ್ರವಣದೋಷ ಅಂತ ಇದೆ, ನಿನ್ನ ಅಕ್ಷರ." ಪುಸ್ತಕ ಮುಚ್ಚಿದರು. ನನ್ನ ವಾದಕ್ಕೆ ನನ್ನ ವಾಕ್ಯವೇ ಅಡ್ಡ ಬಂದು ಕೂತಿತು. ಎಂಜಿನ್ ವಾಪಸು ಕಟ್ಟೆ ಏರಿತು. ನಾನು ತಿಂಗಳೊಳಗೆ ಕೆಲಸ ಬಿಟ್ಟೆ.

ಕೊನೆಯ ಸಲ ನೋಡಿದ್ದು ಶೆಟ್ಟಿಹಳ್ಳಿಯಲ್ಲಿ, ಅವರೆಕಾಯಿ ಕಾಲ. ಜಾಲಹಳ್ಳಿಯ ಕಡೆ ಬಸ್ಸಿಳಿದು ಹೊಲದ ಬದುವಿನ ಮೇಲೆ ನಡೆದು ಹೋದೆ. ಬಚ್ಚಪ್ಪನವರು ಜಗುಲಿಯಲ್ಲಿ ಕೂತಿದ್ದರು. ಕೈಗಳು ವಾಸಿಯಾಗಿದ್ದವು. ಚರ್ಮ ಬಿಗಿದುಕೊಂಡು ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಬೆರಳುಗಳು ಅರ್ಧ ಮಡಚಿದ್ದವು. ಹೆಂಡತಿ ಮುನಿಯಮ್ಮ ಕಾಫಿ ತಂದವರು ಲೋಟವನ್ನು ಮೊದಲು ತಮ್ಮ ಕೆನ್ನೆಗೆ ತಾಗಿಸಿ ನೋಡಿ, ಆಮೇಲೆ ಅವರ ಕೈಗಿಟ್ಟರು. "ಸುಡ್ತಾ ಐತೋ ಇಲ್ವೋ ಇವರ್ಗೆ ಗೊತ್ತಾಗಕಿಲ್ಲ ಕಣವ್ವ, ಅದ್ಕೆ" ಎಂದರು ನನಗೆ.

"ಕಿವಿ ಮೊದ್ಲೇ ಇರ್ಲಿಲ್ಲ, ಈಗ ಕೈಯೂ ಇಲ್ಲ" ಎಂದು ಬಚ್ಚಪ್ಪನವರು ನಕ್ಕರು. "ನನ್ನೂ ಒಂದು ಕಟ್ಟೆ ಮೇಲೆ ನಿಲ್ಸಿ, ಚೀಟಿ ಬರಿ."

ನನಗೆ ನಗು ಬರಲಿಲ್ಲ. ಗಿರಾಕಿ ಹೇಗಿದ್ದಾನೆಂದು ಕೇಳಿದರು. ಬಣ್ಣ ಹೊಡೆದಿದ್ದಾರೆ ಎಂದೆ. "ತೂತು?" ಎಂದರು. ಮುಚ್ಚಿದ್ದಾರೆ ಎಂದೆ.

ನಾನು ಕ್ಷಮೆ ಕೇಳುವ ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ಶುರು ಮಾಡುವಷ್ಟರಲ್ಲಿ ಅವರೇ ಕೈ ಅಡ್ಡ ಹಿಡಿದರು. "ಅವತ್ತು ಸಭೇಲಿ ನೀನು ಬಲು ಚೆನ್ನಾಗಿ ಮಾತಾಡ್ದೆ ಅಂತ ಜವಾನ ಅಂದ್ನಂತೆ, ಕುಪ್ಪ ಏಳ್ದ. ನನ್ಗೆ ಕೇಳಿಸ್ಲಿಲ್ಲ ನೋಡು." ಅದರಲ್ಲಿ ಕೊಂಕಿತ್ತೋ ಇಲ್ಲವೋ ನಾನು ಇವತ್ತಿಗೂ ತೀರ್ಮಾನಿಸಿಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಅವರಿರಲಿಲ್ಲ. ಸುದ್ದಿ ನನಗೆ ತಡವಾಗಿ ತಿಳಿಯಿತು. ಆ ದಿನ ಜಗುಲಿಯಲ್ಲಿ ಹೊರಡುವ ಮೊದಲು ನಾನು ಅವರನ್ನು ಒಂದು ಪ್ರಶ್ನೆ ಕೇಳಿದ್ದೆ. ಎದುರಿಗೆ ಕೂತು, ತುಟಿ ಕಾಣುವಂತೆ, ನಿಧಾನವಾಗಿ ಕೇಳಿದ್ದರಿಂದ ಅವರಿಗೆ ಅರ್ಥವಾಗಲಿಲ್ಲ ಎಂದು ಹೇಳುವ ಹಾಗಿಲ್ಲ. ಅವರು ನನ್ನ ಬಾಯಿಂದ ಕಣ್ಣಿಗೆ ದೃಷ್ಟಿ ಎತ್ತಿದರು, ಒಳಗೆ ತಿರುಗಿ ಮುನಿಯಮ್ಮನವರಿಗೆ "ಇವಳ್ಗೆ ಒಂದಿಷ್ಟು ಅವರೆಕಾಯಿ ಕಟ್ಕೊಡು" ಎಂದರು, ಮತ್ತೆ ನನ್ನ ಕಡೆ ತಿರುಗಲಿಲ್ಲ. ನಾನು ಕೇಳಿದ್ದು ಇಷ್ಟೇ: "ಬಚ್ಚಪ್ಪನವರೇ, ಅವತ್ತು ನೀವು ಬಾಗಿಲಲ್ಲಿ ಕಾಯ್ತಾ ನಿಂತಾಗ ನಾನು ಜೊತೆಗೆ ಬಂದು, ಆ ಮೂಲೆಗೆ ನನ್ನ ಅಂಗೈ ಇಟ್ಟು ನೋಡಿದ್ದರೆ, ನನಗೆ ಗೊತ್ತಾಗ್ತಿತ್ತಾ?"